ಹಿಂದಿನ ಕಾಲು ಯಾಕೆ ಸುಡುತ್ತೆ?

ಪೀಣ್ಯ ಎರಡನೇ ಹಂತದ ಒಂದು ಶೆಡ್ಡು. ಸಂಜೆ ಏಳು ದಾಟಿದೆ, ಪಕ್ಕದ ಶೆಡ್ಡಿನ ಪ್ರೆಸ್ ಯಂತ್ರ ಆಗಷ್ಟೇ ನಿಂತಿದೆ. ಮೇಜಿನ ಮೇಲೆ ನಾಲ್ಕು ಸರ್ಕ್ಯೂಟ್ ಬೋರ್ಡುಗಳು. ಮೂರು ಒಂದೇ ಜಾಗದಲ್ಲಿ ಕಪ್ಪಾಗಿವೆ, ನಾಲ್ಕನೆಯದು ಇನ್ನೂ ಬದುಕಿದೆ. 48 ವೋಲ್ಟ್ ಬ್ಯಾಟರಿಯ ಇ-ಆಟೋಗಳಿಗೆಂದು ಮಾಡಿದ 3 ಕಿಲೋವ್ಯಾಟ್ ಚಾರ್ಜರುಗಳಿವು. ವಿನ್ಯಾಸ ಮಾಡಿದಾಕೆಗೆ ಮೂವತ್ತು ತುಂಬಿಲ್ಲ. ಎದುರಿಗೆ ಕೂತವರು ಮೂವತ್ತೈದು ವರ್ಷ ಪವರ್ ಸಪ್ಲೈಗಳನ್ನು ಮಾಡಿ, ರಿಪೇರಿ ಮಾಡಿ, ನಿವೃತ್ತರಾದ ಮೇಲೂ ಸೋಲ್ಡರಿಂಗ್ ಐರನ್ ಕೈಬಿಡದವರು. ಇಬ್ಬರೂ ನನಗೆ ಬೇಕಾದವರು. ಅವತ್ತು ಕೇಳಿಸಿಕೊಂಡದ್ದನ್ನು ಆದಷ್ಟು ಹಾಗೆಯೇ ಬರೆಯುತ್ತಿದ್ದೇನೆ.

ಹಿರಿಯ: ಮೂರರಲ್ಲೂ ಸುಟ್ಟಿರೋದು ಒಂದೇ ಕಾಲು. ನೋಡಿದ್ಯಾ?

ಕಿರಿಯಳು: ನೋಡಿದೆ ಸರ್. ಬಲಗಡೆಯ ಎರಡು ಮಾಸ್‌ಫೆಟ್. ಎಡಗಡೆಯವು ಮೂರರಲ್ಲೂ ಚೆನ್ನಾಗಿವೆ.

ಹಿರಿಯ: ಎಷ್ಟು ಹೊತ್ತಿಗೆ ಹೋದವು?

ಕಿರಿಯಳು: ಸರಿಯಾಗಿ ಗೊತ್ತಿಲ್ಲ. ರಾತ್ರಿ ಹತ್ತಕ್ಕೆ ಚಾರ್ಜಿಗೆ ಹಾಕಿದ್ದಾರೆ. ಬೆಳಗ್ಗೆ ಐದಕ್ಕೆ ಗಾಡಿ ತೆಗೆಯೋಕೆ ಬಂದಾಗ ಚಾರ್ಜರ್ ಸತ್ತಿತ್ತು. ಬ್ಯಾಟರಿ ಮಾತ್ರ ಹೆಚ್ಚುಕಡಿಮೆ ತುಂಬಿತ್ತು.

ಹಿರಿಯ: ಅಂದ್ರೆ ಪೂರ್ತಿ ಲೋಡಿನಲ್ಲಿ ದುಡಿಯುವಾಗ ಏನೂ ಆಗಿಲ್ಲ. ಬ್ಯಾಟರಿ ತುಂಬುತ್ತಾ ಬಂದು, ಕರೆಂಟ್ ಇಳಿದು, ಕೆಲಸ ಹಗುರಾದಾಗ ಸತ್ತಿದೆ. ಬಲಗಡೆಯದು ಲ್ಯಾಗಿಂಗ್ ಲೆಗ್ ತಾನೆ?

ಕಿರಿಯಳು: ಹೌದು.

ಹಿರಿಯ: ಹಾಗಾದ್ರೆ ನಿನ್ನ ಸಾಫ್ಟ್ ಸ್ವಿಚಿಂಗೇ ಇವನ್ನ ಕೊಂದಿದ್ದು.

ಕಿರಿಯಳು: ಅದು ಇದ್ದಾಗ ಇವು ಬದುಕಿದ್ವು ಸರ್. ಅದು ಕೈಕೊಟ್ಟಾಗ ಸತ್ವು. ಎರಡೂ ಒಂದೇ ಅಲ್ಲ.

ಈ ವಿದ್ಯೆಯ ಪರಿಚಯ ಇಲ್ಲದವರಿಗಾಗಿ ಇಲ್ಲಿ ಒಂದಿಷ್ಟು ಹೇಳಬೇಕು. ಫುಲ್ ಬ್ರಿಡ್ಜ್ ಅಂದರೆ ನಾಲ್ಕು ಸ್ವಿಚ್ಚು (ಇಲ್ಲಿ ಮಾಸ್‌ಫೆಟ್ಟುಗಳು), ಎರಡು ಕಾಲು, ನಡುವೆ ಅಡ್ಡಪಟ್ಟಿಯಂತೆ ಟ್ರಾನ್ಸ್‌ಫಾರ್ಮರ್. ಗೋಡೆಯಿಂದ ಬಂದ ಕರೆಂಟು ಮೊದಲು 400 ವೋಲ್ಟಿನ ಡಿಸಿ ಆಗುತ್ತದೆ. ಈ ನಾಲ್ಕು ಸ್ವಿಚ್ಚುಗಳು ಅದನ್ನು ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತವೆ, ಸೆಕೆಂಡಿಗೆ ಒಂದು ಲಕ್ಷ ಸಲ. ಮಾಮೂಲಿ ರೀತಿಯಲ್ಲಿ ಸ್ವಿಚ್ಚಿನ ಮೇಲೆ ವೋಲ್ಟೇಜ್ ನಿಂತಿರುವಾಗಲೇ ಅದನ್ನು ಆನ್ ಮಾಡುತ್ತೇವೆ. ಆ ಕೆಲವು ಹತ್ತು ನ್ಯಾನೋಸೆಕೆಂಡು ವೋಲ್ಟೇಜೂ ಇರುತ್ತದೆ, ಕರೆಂಟೂ ಇರುತ್ತದೆ. ಎರಡರ ಗುಣಲಬ್ಧ ಬಿಸಿಯಾಗಿ ಹೋಗುತ್ತದೆ. ಇದು ಹಾರ್ಡ್ ಸ್ವಿಚಿಂಗ್. ಫೇಸ್ ಶಿಫ್ಟ್ ಬ್ರಿಡ್ಜಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಸ್ವಿಚ್ಚೂ ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್. ಒಂದು ಕಾಲು ಮುಂದೆ (ಲೀಡಿಂಗ್), ಇನ್ನೊಂದು ಸ್ವಲ್ಪ ಹಿಂದೆ (ಲ್ಯಾಗಿಂಗ್). ಆ ಅಂತರ ಎಷ್ಟು ಎನ್ನುವುದರ ಮೇಲೆ ಆಚೆಗೆ ಎಷ್ಟು ವಿದ್ಯುತ್ ಹೋಗಬೇಕು ಎನ್ನುವುದು ನಿಲ್ಲುತ್ತದೆ. ಒಂದೇ ಕಾಲಿನ ಒಂದು ಸ್ವಿಚ್ಚು ಆಫ್ ಆಗಿ ಅದರ ಜೋಡಿ ಆನ್ ಆಗುವ ನಡುವೆ ಚಿಕ್ಕದೊಂದು ಬಿಡುವು, ಡೆಡ್ ಟೈಮ್. ಆ ಬಿಡುವಿನಲ್ಲಿ ಟ್ರಾನ್ಸ್‌ಫಾರ್ಮರಿನಲ್ಲಿ ಹರಿಯುತ್ತಿರುವ ಕರೆಂಟೇ ಎದುರಿನ ಸ್ವಿಚ್ಚಿನ ಮೇಲಿನ ವೋಲ್ಟೇಜನ್ನು ಕೆಳಗೆಳೆದು ಸೊನ್ನೆಗೆ ತರುತ್ತದೆ. ಆಮೇಲೆ ಆನ್ ಮಾಡಿದರೆ ಆನ್ ಆಗುವಾಗಿನ ನಷ್ಟವೇ ಇಲ್ಲ. ಝೀರೋ ವೋಲ್ಟೇಜ್ ಸ್ವಿಚಿಂಗ್ ಎಂದು ಇದಕ್ಕೇ ಹೆಸರು.

ಹಿರಿಯ: ಕೈಕೊಡೋದು ಯಾಕೆ? ಪುಸ್ತಕದ ಮಾತು ಬೇಡ, ಈ ಬೋರ್ಡಿನ ಲೆಕ್ಕ ಹೇಳು.

ಕಿರಿಯಳು: ಲ್ಯಾಗಿಂಗ್ ಲೆಗ್ಗಿನ ನಡುವಿನ ಬಿಂದುವಿನಲ್ಲಿ ಎರಡು ಮಾಸ್‌ಫೆಟ್ಟಿನ ಕೆಪಾಸಿಟೆನ್ಸು, ಟ್ರಾನ್ಸ್‌ಫಾರ್ಮರ್ ಸುರುಳಿಯದು, ಎಲ್ಲ ಸೇರಿ 500 ಪಿಕೋಫ್ಯಾರಡ್ ಅಂದ್ಕೊಳ್ಳಿ. ಅದನ್ನ 400 ವೋಲ್ಟಿನಿಂದ ಸೊನ್ನೆಗೆ ಇಳಿಸೋಕೆ 40 ಮೈಕ್ರೋಜೌಲ್ ಬೇಕು. ಅದನ್ನ ಕೊಡಬೇಕಾದ್ದು ಟ್ರಾನ್ಸ್‌ಫಾರ್ಮರಿನ ಲೀಕೇಜ್ ಇಂಡಕ್ಟೆನ್ಸ್, ನಮ್ಮಲ್ಲಿ 20 ಮೈಕ್ರೋಹೆನ್ರಿ. ಅದರಲ್ಲಿ 40 ಮೈಕ್ರೋಜೌಲ್ ತುಂಬಿರಬೇಕಾದ್ರೆ ಕನಿಷ್ಠ 2 ಆಂಪಿಯರ್ ಹರೀತಿರಬೇಕು. ಪೂರ್ತಿ ಲೋಡಿನಲ್ಲಿ 9 ಆಂಪಿಯರ್ ಹತ್ತಿರ ಇರುತ್ತೆ, ಯೋಚನೆಯೇ ಇಲ್ಲ. ಕಾಲು ಭಾಗ ಲೋಡಿಗಿಂತ ಕೆಳಗೆ ಹೋದ್ರೆ ಸಾಲದು.

ಹಿರಿಯ: ಮುಂದಿನ ಕಾಲಿಗೆ ಈ ತೊಂದರೆ ಯಾಕಿಲ್ಲ?

ಕಿರಿಯಳು: ಲೀಡಿಂಗ್ ಲೆಗ್ ತಿರುಗುವಾಗ ಆಚೆ ಕಡೆಯ ಔಟ್‌ಪುಟ್ ಇಂಡಕ್ಟರ್ ಕೂಡ ಜೊತೆಗಿರುತ್ತೆ. ದೊಡ್ಡ ಇಂಡಕ್ಟರ್, ತುಂಬಾ ಶಕ್ತಿ ಇಟ್ಕೊಂಡಿರುತ್ತೆ. ಲ್ಯಾಗಿಂಗ್ ಲೆಗ್ ತಿರುಗೋ ಹೊತ್ತಿಗೆ ಸೆಕೆಂಡರಿಯ ಡಯೋಡುಗಳೆಲ್ಲ ಒಟ್ಟಿಗೆ ಆನ್ ಆಗಿ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆದ ಹಾಗಿರುತ್ತೆ. ಆಚೆಯವರ ಸಹಾಯ ಈಚೆಗೆ ಬರಲ್ಲ. ಪಾಪ ಲೀಕೇಜ್ ಒಂದೇ ಎಳೀಬೇಕು.

ಹಿರಿಯ: ಅದೇ ನಾನು ಹೇಳೋದು. ಒಂದು ಕಾಲಿಗೆ ಮನೆಮಂದಿಯೆಲ್ಲ ಕೈಜೋಡಿಸ್ತಾರೆ, ಇನ್ನೊಂದು ಒಬ್ಬಂಟಿ. ಇಂಥ ಸರ್ಕ್ಯೂಟನ್ನ ನೀನು ತಗಡಿನ ಶೆಡ್ಡಿನಲ್ಲಿ, ಆಟೋ ಓಡಿಸಿ ಹೊಟ್ಟೆ ಹೊರೆಯೋರ ಕೈಗೆ ಕೊಡ್ತಿದ್ದೀಯ. ಬೆಳಗ್ಗೆ ಐದಕ್ಕೆ ಗಾಡಿ ತುಂಬಿರದಿದ್ರೆ ಅವರಿಗೆ ಅವತ್ತಿನ ದುಡಿಮೆಯೇ ಇಲ್ಲ.

ಕಿರಿಯಳು: ಅದು ನನಗೂ ಗೊತ್ತು ಸರ್. ಆ ಮೂರು ಬೋರ್ಡುಗಳನ್ನ ನಾನೇ ಹೋಗಿ ಬಿಚ್ಕೊಂಡು ಬಂದಿದ್ದು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ ನಾಲ್ಕನೇ ಬೋರ್ಡಿಗೆ ಆಸಿಲೋಸ್ಕೋಪಿನ ಪ್ರೋಬ್ ಸಿಕ್ಕಿಸಿದಳು. ಒಂದು ಚಾನೆಲ್ ಕಾಲಿನ ನಡುವಿನ ಬಿಂದುವಿಗೆ, ಇನ್ನೊಂದು ಕೆಳಗಿನ ಮಾಸ್‌ಫೆಟ್ಟಿನ ಗೇಟಿಗೆ. ಪೂರ್ತಿ ಲೋಡಿನಲ್ಲಿ ಚಿತ್ರ ಕಣ್ಣಿಗೆ ಹಿತವಾಗಿತ್ತು: ವೋಲ್ಟೇಜ್ ಜಾರುಬಂಡೆಯಲ್ಲಿ ಜಾರಿದ ಹಾಗೆ ಸೊನ್ನೆಗೆ ಬಂದು ಕೂತ ಮೇಲೆ ಗೇಟ್ ಏರುತ್ತಿತ್ತು, ಎಲ್ಲೂ ತಡವರಿಸದೆ. ಅವಳು ಲೋಡನ್ನು ಇಳಿಸುತ್ತಾ ಹೋದಳು. ಪ್ರೈಮರಿಯ ಕರೆಂಟ್ 1.5 ಆಂಪಿಯರಿಗೆ ಬಂದಾಗ ಜಾರುವ ಗೆರೆ ದಾರಿಯಲ್ಲೇ, 100 ವೋಲ್ಟಿನ ಆಸುಪಾಸಿನಲ್ಲಿ ಸುಸ್ತಾಗಿ ನಿಂತಿತು. ಅದು ನಿಂತಿರುವಾಗಲೇ ಗೇಟ್ ಆನ್ ಆಯಿತು, ಉಳಿದದ್ದು ಕಡಿದಾಗಿ ಬಿತ್ತು. ಗೇಟಿನ ಏರಿಕೆಯಲ್ಲಿ, ಇಲ್ಲಿಯವರೆಗೆ ಇರದಿದ್ದ ಒಂದು ಸಣ್ಣ ಮೆಟ್ಟಿಲು ಕಾಣಿಸಿಕೊಂಡಿತು.

ಹಿರಿಯ: ಬಂತು ನೋಡು ಮಿಲ್ಲರ್ ಮೆಟ್ಟಿಲು. ಈ ಮೆಟ್ಟಿಲು ಇದ್ರೆ ಸೊನ್ನೆ ವೋಲ್ಟ್ ಇಲ್ಲ ಅಂತ ಅರ್ಥ. ನಾನು ಡ್ರೈನಿನ ವೋಲ್ಟೇಜ್ ನೋಡೋಕೇ ಹೋಗಲ್ಲ, ಗೇಟ್ ಒಂದೇ ಸಾಕು.

ಕಿರಿಯಳು: ಒಪ್ಪಿದೆ. ಆದರೆ ಉಳಿದಿರೋದು ಎಷ್ಟು ಅಂತ ನೋಡಿ. 400ರಲ್ಲಿ 100. ನಷ್ಟ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಹೋಗುತ್ತೆ. ಕಾಲು ಭಾಗ ವೋಲ್ಟೇಜ್ ಉಳಿದ್ರೆ ನಷ್ಟ ಹದಿನಾರನೇ ಒಂದು ಭಾಗ. 40 ಮೈಕ್ರೋಜೌಲ್ ಆಗಬೇಕಿದ್ದ ಕಡೆ ಎರಡೂವರೆ. ವೋಲ್ಟೇಜಿನ ಈ ಜೋಕಾಲಿ ತುದಿ ಮುಟ್ಟದಿದ್ರೂ ಮುಕ್ಕಾಲು ದಾರಿ ಹೋಗಿದೆ. ಸಾಫ್ಟ್ ಸ್ವಿಚಿಂಗ್ ಒಂದು ಗಡಿ ದಾಟಿದ ಕೂಡಲೇ ಧೊಪ್ಪಂತ ಬೀಳಲ್ಲ, ಮೆಲ್ಲಗೆ ಕರಗುತ್ತೆ.

ಹಿರಿಯ: ಕಾಗದದ ಮೇಲೆ ಮೆಲ್ಲಗೆ. ನಿನ್ನ ಆ 500 ಪಿಕೋಫ್ಯಾರಡ್ ಒಂದು ಸರಾಸರಿ ಅಷ್ಟೆ. ಈ ಸೂಪರ್ ಜಂಕ್ಷನ್ ಮಾಸ್‌ಫೆಟ್ಟುಗಳಲ್ಲಿ ವೋಲ್ಟೇಜ್ ಇಳಿದಷ್ಟೂ ಕೆಪಾಸಿಟೆನ್ಸ್ ಏರುತ್ತೆ, ಕೊನೆಯ ಕೆಲವು ಹತ್ತು ವೋಲ್ಟಿನಲ್ಲಿ ಹತ್ತಾರು ಪಟ್ಟು, ನೂರಾರು ಪಟ್ಟು. ಇಳಿಜಾರು ಮುಗಿಯೋ ಕಡೆಯಲ್ಲೇ ಕೆಸರು. ಇನ್ನು ಜೋಕಾಲಿ ಅಂದ್ಯಲ್ಲ, ಜೋಕಾಲಿ ತುದಿಗೆ ಹೋಗಿ ನಿಲ್ಲುತ್ತಾ? ವಾಪಸ್ ಬರುತ್ತೆ. ಡೆಡ್ ಟೈಮ್ ಎಷ್ಟಿಟ್ಟಿದ್ದೀಯ?

ಕಿರಿಯಳು: 160 ನ್ಯಾನೋಸೆಕೆಂಡ್. 20 ಮೈಕ್ರೋಹೆನ್ರಿ, 500 ಪಿಕೋಫ್ಯಾರಡ್ ಕಟ್ಟಿಕೊಂಡ ಜೋಕಾಲಿಯ ಕಾಲು ಸುತ್ತು ಅಷ್ಟೇ ಬರುತ್ತೆ.

ಹಿರಿಯ: ಎಲ್ಲಾ ಲೋಡಿಗೂ ಅದೇ 160?

ಕಿರಿಯಳು: ಸದ್ಯಕ್ಕೆ ಅದೇ. ಲೋಡಿಗೆ ತಕ್ಕ ಹಾಗೆ ಬದಲಾಯಿಸ್ಬಹುದು. ಈಗಿನ ಕಂಟ್ರೋಲರುಗಳಲ್ಲಿ ಅಡಾಪ್ಟಿವ್ ಡೆಡ್ ಟೈಮ್ ಇದೆ.

ಹಿರಿಯ: ಇದೆ. ನಮ್ಮ ಕಾಲದಲ್ಲಿ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಯೂನಿಟ್ರೋಡಿನ ಯುಸಿ3875 ಅನ್ನೋ ಚಿಪ್ ಕೈಗೆ ಬಂದಾಗ ಹಬ್ಬ ಮಾಡಿದ್ವಿ. ಅದಕ್ಕೆ ಮುಂಚೆ ಫೇಸ್ ಶಿಫ್ಟನ್ನ ಬಿಡಿ ಬಿಡಿ ಲಾಜಿಕ್ ಚಿಪ್ಪುಗಳಲ್ಲಿ ಕಟ್ಟಬೇಕಿತ್ತು. ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಫ್ರೆಡ್ ಲೀ ಅವರ ಗುಂಪು 1990ರಲ್ಲಿ ಈ ಬ್ರಿಡ್ಜಿನ ಲೆಕ್ಕಾಚಾರ ಪ್ರಕಟಿಸಿತ್ತು. ನಮ್ಮಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ವಿ. ರಾಮನಾರಾಯಣನ್ ಅವರ ಸ್ವಿಚ್ಡ್ ಮೋಡ್ ಪವರ್ ಕನ್ವರ್ಷನ್ ಟಿಪ್ಪಣಿಗಳು. ಅದರ ಜೆರಾಕ್ಸ್ ಪ್ರತಿ ಕೈಯಿಂದ ಕೈಗೆ ಓಡಾಡ್ತಿತ್ತು. ನನ್ನ ಪ್ರತಿಯಲ್ಲಿ ಅರ್ಧ ಪುಟಗಳ ಅಂಚೇ ಇರಲಿಲ್ಲ.

ಕಿರಿಯಳು: ಅದರಲ್ಲೇ ಅಲ್ವಾ ಸರ್ ನೀವೂ ಇದನ್ನ ಕಲಿತಿದ್ದು? ಈಗ ಯಾಕೆ ಇಷ್ಟು ಸಿಟ್ಟು?

ಹಿರಿಯ: ಸಿಟ್ಟಲ್ಲ. ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ 48 ವೋಲ್ಟಿನ ರೆಕ್ಟಿಫೈಯರ್ ಮಾಡ್ತಿದ್ವಿ. ಕಂಪನಿ ಹೆಸರು ಬೇಡ. ಕಾರ್ಖಾನೆಯಲ್ಲಿ ಪೂರ್ತಿ ಲೋಡಿನಲ್ಲಿ 48 ಗಂಟೆ ಬೇಯಿಸಿ ಕಳಿಸ್ತಿದ್ವಿ, ಒಂದೂ ಸೋಲ್ತಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಒಂದರ ಜೊತೆ ಇನ್ನೊಂದು ಹಂಚ್ಕೊಂಡು ಓಡ್ತಿದ್ವು, ಎಲ್ಲವೂ ಹಗುರ ಲೋಡಿನಲ್ಲಿ. ಅಲ್ಲಿ ಸತ್ತು ವಾಪಸ್ ಬರೋವು, ನಿನ್ನ ಬೋರ್ಡುಗಳ ಹಾಗೇ, ಅದೇ ಕಾಲು. ಕಾರಣ ಹುಡುಕೋಕೆ ಒಂದು ವರ್ಷ ಹಿಡೀತು.

ಕಿರಿಯಳು: ಬಾಡಿ ಡಯೋಡ್?

ಹಿರಿಯ: ಬಾಡಿ ಡಯೋಡೇ. ಮಾಸ್‌ಫೆಟ್ಟಿನ ಹೊಟ್ಟೆಯಲ್ಲೇ ಒಂದು ಡಯೋಡ್ ಇದೆಯಲ್ಲ, ಕರೆಂಟು ಅದರ ಮೂಲಕ ಹರಿದಾಗ ಅದರೊಳಗೆ ಚಾರ್ಜ್ ತುಂಬ್ಕೊಳುತ್ತೆ. ಲೋಡ್ ಜೋರಾಗಿದ್ರೆ ಆಮೇಲೆ ತಿರುಗಿ ಹರಿಯೋ ಕರೆಂಟು ಅದನ್ನ ಗುಡಿಸಿ ಹಾಕುತ್ತೆ. ಲೋಡ್ ಹಗುರಾಗಿದ್ರೆ ಗುಡಿಸೋರಿಲ್ಲ, ಚಾರ್ಜ್ ಹಾಗೇ ಉಳಿಯುತ್ತೆ. ಅದೇ ಹಗುರ ಲೋಡಿನಲ್ಲಿ ಸೊನ್ನೆ ವೋಲ್ಟೂ ಸಿಗಲ್ಲ, ಎದುರಿನ ಸ್ವಿಚ್ಚು ದಡಕ್ಕಂತ ಆನ್ ಆಗುತ್ತೆ. ಚಾರ್ಜ್ ಉಳಿದ ಡಯೋಡು ತಡೆಯಲಾರದೆ ಒಂದು ಗಳಿಗೆ ತಂತಿಯ ಹಾಗೆ ವರ್ತಿಸುತ್ತೆ. 400 ವೋಲ್ಟಿಗೂ ನೆಲಕ್ಕೂ ನಡುವೆ ಎರಡೂ ಸ್ವಿಚ್ಚು ತೆರೆದ ಬಾಗಿಲು. ಒಂದು ಲಕ್ಷ ಸಲದಲ್ಲಿ ಒಂದು ಸಲ ಆದ್ರೂ ಸಾಕು. ನೀನು ಹೇಳೋ ಎರಡೂವರೆ ಮೈಕ್ರೋಜೌಲ್ ಈ ಬೋರ್ಡುಗಳನ್ನ ಸುಟ್ಟಿಲ್ಲ. ಸುಟ್ಟಿರೋದು ಇದು.

ನನ್ನ ಮಟ್ಟಿಗೆ ಆ ಸಂಜೆಯ ಅತಿ ಮುಖ್ಯ ಮಾತು ಇದೇ. ನಷ್ಟದ ಲೆಕ್ಕ ಒಂದು, ಸಾವಿನ ಲೆಕ್ಕ ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಂಡು ನಾನೂ ಎಷ್ಟೋ ವರ್ಷ ಕೆಲಸ ಮಾಡಿದ್ದೇನೆ.

ಕಿರಿಯಳು: ಸರಿ. ಹಾಗಾದ್ರೆ ತಪ್ಪು ಮಾಸ್‌ಫೆಟ್ಟಿನದು. ಡಯೋಡ್ ಚುರುಕಾಗಿರೋ ಮಾಸ್‌ಫೆಟ್ ಹಾಕ್ತೀನಿ. ಇಲ್ಲಾಂದ್ರೆ ಸಿಲಿಕಾನ್ ಕಾರ್ಬೈಡೇ ಹಾಕ್ತೀನಿ, ಅದರ ಬಾಡಿ ಡಯೋಡಿನಲ್ಲಿ ಉಳಿಯೋ ಚಾರ್ಜ್ ತೀರಾ ಕಡಿಮೆ. ಕಾಯಿಲೆ ಹೋಯ್ತು, ಸಾಫ್ಟ್ ಸ್ವಿಚಿಂಗ್ ಉಳೀತು.

ಹಿರಿಯ: ಸಿಲಿಕಾನ್ ಕಾರ್ಬೈಡ್ ಹಾಕೋದೇ ಆದ್ರೆ ಸಾಫ್ಟ್ ಸ್ವಿಚಿಂಗ್ ಯಾಕಮ್ಮಾ ಬೇಕು?

ಕಿರಿಯಳು: ಅಂದ್ರೆ?

ಹಿರಿಯ: ಅಂದ್ರೆ, ಈ ಫೇಸ್ ಶಿಫ್ಟು, ಈ ಜೋಕಾಲಿ, ಎಲ್ಲ ಹುಟ್ಟಿದ್ದು ಸ್ವಿಚ್ಚುಗಳು ನಿಧಾನವಾಗಿದ್ದ ಕಾಲದಲ್ಲಿ. ಐಜಿಬಿಟಿ ಅನ್ನೋ ಸ್ವಿಚ್ಚನ್ನ ಆಫ್ ಮಾಡಿದ ಮೇಲೂ ಬಾಲದ ಹಾಗೆ ಕರೆಂಟ್ ಎಳೀತಿತ್ತು. ಅದಕ್ಕಂತಲೇ ಒಂದು ಕಾಲಿಗೆ ಸೊನ್ನೆ ವೋಲ್ಟ್, ಇನ್ನೊಂದು ಕಾಲಿಗೆ ಸೊನ್ನೆ ಕರೆಂಟ್ ಅಂತ ಬೇರೆಯದೇ ಬ್ರಿಡ್ಜ್ ಮಾಡಿದ್ರು. ಈಗ ಸ್ವಿಚ್ಚೇ ಚುರುಕಾಗಿದೆ. ಫ್ರೀಕ್ವೆನ್ಸಿಯನ್ನ 100 ಕಿಲೋಹರ್ಟ್ಸಿನಿಂದ 40ಕ್ಕೆ ಇಳಿಸು. ಮಾಮೂಲಿ ಹಾರ್ಡ್ ಸ್ವಿಚಿಂಗ್ ಬ್ರಿಡ್ಜ್ ಮಾಡು. ಟ್ರಾನ್ಸ್‌ಫಾರ್ಮರ್ ದಪ್ಪ ಆಗುತ್ತೆ, ಆಗಲಿ. ಶೆಡ್ಡಿನ ಗೋಡೆಗೆ ನೇತುಹಾಕೋ ಪೆಟ್ಟಿಗೆ, ವಿಮಾನದಲ್ಲಿ ಹಾರಬೇಕಾಗಿಲ್ಲ. ಲೋಡ್ ಎಷ್ಟಿದ್ರೂ ಅದು ಒಂದೇ ಥರ ನಡ್ಕೊಳುತ್ತೆ. ನಷ್ಟ ಎಷ್ಟು ಅಂತ ಮೊದಲೇ ಗೊತ್ತಿರುತ್ತೆ, ಅದಕ್ಕೆ ತಕ್ಕ ಹೀಟ್ ಸಿಂಕ್ ಹಾಕ್ತೀಯ. ನಿನ್ನದರಲ್ಲಿ ಲೋಡ್ ಹೀಗಿದ್ರೆ, ಡೆಡ್ ಟೈಮ್ ಹಾಗಿದ್ರೆ, ಇಂಡಕ್ಟೆನ್ಸ್ ಇಷ್ಟಿದ್ರೆ ಅಂತ ಬರೀ ಷರತ್ತು.

ಕಿರಿಯಳು: ಗೊತ್ತಿರೋ ನಷ್ಟವೂ ನಷ್ಟವೇ ಸರ್. 3 ಕಿಲೋವ್ಯಾಟ್ ಕೊಡುವಾಗ 94 ಪರ್ಸೆಂಟ್ ಇದ್ರೆ 191 ವ್ಯಾಟ್ ಬಿಸಿ. 96 ಇದ್ರೆ 125. ಎರಡೇ ಪರ್ಸೆಂಟ್ ಅಂತೀವಿ, ಆದರೆ ಪೆಟ್ಟಿಗೆಯೊಳಗಿನ ಬಿಸಿಯಲ್ಲಿ ಮೂರನೇ ಒಂದು ಭಾಗ ಕಡಿಮೆ. ಈ ಚಾರ್ಜರ್ ಹೋಗೋದು ಕಲಬುರಗಿ, ರಾಯಚೂರಿಗೆ. ಬೇಸಿಗೆಯಲ್ಲಿ ಹೊರಗೇ 42 ಡಿಗ್ರಿ, ತಗಡಿನ ಕೆಳಗೆ ಇನ್ನೂ ಜಾಸ್ತಿ. ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಆಯಸ್ಸು ಹತ್ತು ಡಿಗ್ರಿ ಏರಿದ್ರೆ ಅರ್ಧ ಆಗುತ್ತೆ ಅಂತ ನೀವೇ ಹೇಳ್ಕೊಟ್ಟಿದ್ದು. ಬಿಸಿ ಜಾಸ್ತಿ ಅಂದ್ರೆ ಫ್ಯಾನ್, ಫ್ಯಾನ್ ಅಂದ್ರೆ ಧೂಳು, ಧೂಳು ಅಂದ್ರೆ ಎರಡನೇ ಬೇಸಿಗೆಗೆ ಫ್ಯಾನ್ ನಿಂತಿರುತ್ತೆ. ನಿಮ್ಮ ಸರ್ಕ್ಯೂಟಿಗೂ ಒಂದು ಷರತ್ತಿದೆ: ಫ್ಯಾನ್ ತಿರುಗ್ತಿರಬೇಕು.

ಹಿರಿಯ: ಅದು ನಿಜ. ಫ್ಯಾನ್ ನಿಂತು ಸತ್ತ ಪೆಟ್ಟಿಗೆಗಳನ್ನ ನಾನೂ ಬೇಕಾದಷ್ಟು ಬಿಚ್ಚಿದ್ದೀನಿ.

ಕಿರಿಯಳು: ಇನ್ನೊಂದು. ಸ್ವಿಚ್ಚು ಚುರುಕಾದ ಮೇಲೆ ಸಾಫ್ಟ್ ಸ್ವಿಚಿಂಗ್ ಬೇಡ ಅನ್ನೋದನ್ನ ನಾನು ಒಪ್ಪಲ್ಲ. ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್ಟಿನಲ್ಲಿ ಆನ್ ಆಗುವಾಗಿನ ನಷ್ಟ ಆಫ್ ಆಗುವಾಗಿನದಕ್ಕಿಂತ ಬಹಳ ಜಾಸ್ತಿ. ಝೀರೋ ವೋಲ್ಟೇಜ್ ಸ್ವಿಚಿಂಗ್ ತೆಗೆದುಹಾಕೋದು ಆ ದೊಡ್ಡ ಪಾಲನ್ನೇ. ಒಳ್ಳೇ ಸ್ವಿಚ್ಚಿಗೆ ಇದರಿಂದ ಉಪಯೋಗ ಕಡಿಮೆಯಲ್ಲ, ಹೆಚ್ಚು. ನಾಳೆ ಬಸ್ಸು ಲಾರಿಗಳಿಗೆ 800 ವೋಲ್ಟಿನ ಡಿಸಿ ಅಂದ್ರೆ? ವೋಲ್ಟೇಜಿನ ವರ್ಗ. ಅದೇ 500 ಪಿಕೋಫ್ಯಾರಡಿಗೆ 40 ಇದ್ದದ್ದು 160 ಮೈಕ್ರೋಜೌಲ್. ಹಾರ್ಡ್ ಸ್ವಿಚಿಂಗಿನಲ್ಲಿ 100 ಕಿಲೋಹರ್ಟ್ಸಿಗೆ ಒಂದು ಕಾಲಿಗೆ 8 ವ್ಯಾಟ್ ಹೋಗ್ತಿದ್ದ ಕಡೆ 32 ವ್ಯಾಟ್, ಬರೀ ಕೆಪಾಸಿಟೆನ್ಸ್ ತುಂಬಿಸಿ ಚೆಲ್ಲೋದಕ್ಕೆ.

ಹಿರಿಯ: 800ರ ಮಾತು ಬೇರೆ. ಅಲ್ಲಿ ನಾನೂ ನಿನ್ನ ಕಡೆ. ಅಲ್ಲಿ ಡ್ಯುಯಲ್ ಆಕ್ಟಿವ್ ಬ್ರಿಡ್ಜ್ ಮಾಡು, ಡೀ ಡಾಂಕರ್, ದಿವಾನ್, ಖೇರಲುವಾಲಾ ಅವರು 1991ರಲ್ಲೇ ದಾರಿ ತೋರಿಸಿಟ್ಟಿದ್ದಾರೆ, ಎರಡೂ ದಿಕ್ಕಿಗೆ ವಿದ್ಯುತ್ ಹರಿಯುತ್ತೆ. ನಾನು ಮಾತಾಡ್ತಿರೋದು ಈ 400 ವೋಲ್ಟಿನ ಪೆಟ್ಟಿಗೆ ಬಗ್ಗೆ.

ಕಿರಿಯಳು: ಈ ಪೆಟ್ಟಿಗೆಯಲ್ಲೇ ಹಗುರ ಲೋಡಿಗೆ ಪರಿಹಾರ ಇದೆ. ಇಂಡಕ್ಟೆನ್ಸ್ ಹೆಚ್ಚಿಸ್ತೀನಿ.

ಹಿರಿಯ: ಎಷ್ಟಕ್ಕೆ? 2 ಆಂಪಿಯರ್ ಬದಲು 1 ಆಂಪಿಯರಿಗೂ ಸೊನ್ನೆ ಮುಟ್ಟಬೇಕಾದ್ರೆ?

ಕಿರಿಯಳು: ನಾಲ್ಕು ಪಟ್ಟು. 80 ಮೈಕ್ರೋಹೆನ್ರಿ.

ಹಿರಿಯ: ಈಗ ಪೂರ್ತಿ ಲೋಡಿಗೆ ಬಾ. ಕರೆಂಟು ಒಂದು ದಿಕ್ಕಿನ 9ರಿಂದ ಇನ್ನೊಂದು ದಿಕ್ಕಿನ 9ಕ್ಕೆ ತಿರುಗಬೇಕು, ಅಂದ್ರೆ 18 ಆಂಪಿಯರ್. 20 ಮೈಕ್ರೋಹೆನ್ರಿಯಲ್ಲಿ ಅದು ತಿರುಗೋಕೆ 0.9 ಮೈಕ್ರೋಸೆಕೆಂಡ್. ಅರ್ಧ ಸುತ್ತಿಗೆ ಇರೋದೇ 5. ಆಗಲೇ ನೂರಕ್ಕೆ 18 ಭಾಗ ಡ್ಯೂಟಿ ಹೋಯ್ತು, ಆ ಹೊತ್ತಿನಲ್ಲಿ ಆಚೆಗೆ ಏನೂ ಹೋಗಲ್ಲ. 80 ಹಾಕಿದ್ರೆ 3.6 ಮೈಕ್ರೋಸೆಕೆಂಡ್. ಐದರಲ್ಲಿ ಮೂರೂವರೆಗಿಂತ ಹೆಚ್ಚು ಬರೀ ತಿರುಗೋದಕ್ಕೇ! ಬ್ಯಾಟರಿಗೆ ಏನು ಕೊಡ್ತೀಯ? ಸೆಕೆಂಡರಿಯ ರಿಂಗಿಂಗ್ ಇನ್ನೂ ಲೆಕ್ಕಕ್ಕೆ ತಗೊಂಡಿಲ್ಲ. ಅದಕ್ಕೆ ಕ್ಲ್ಯಾಂಪ್ ಡಯೋಡ್ ಹಾಕ್ಬೇಕು ಅಂತ ರೆಡ್ಲ್, ಸೋಕಲ್, ಬಾಲೋಗ್ 1991ರಲ್ಲಿ ತೋರಿಸಿದ್ರು. ಇನ್ನೆರಡು ಭಾಗ, ಇನ್ನೆರಡು ಸೋಲ್ಡರ್.

ಕಿರಿಯಳು: 80 ಅಂತ ನಾನೂ ಹಟ ಮಾಡಲ್ಲ. ಟ್ರಾನ್ಸ್‌ಫಾರ್ಮರಿನ ಕೋರಿನಲ್ಲಿ ಸಣ್ಣ ಏರ್ ಗ್ಯಾಪ್ ಬಿಡ್ತೀನಿ. ಮ್ಯಾಗ್ನೆಟೈಸಿಂಗ್ ಇಂಡಕ್ಟೆನ್ಸ್ 1 ಮಿಲಿಹೆನ್ರಿಗೆ ತಂದ್ರೆ ತುದಿಯಲ್ಲಿ 1 ಆಂಪಿಯರ್ ಸಿಗುತ್ತೆ, ಲೋಡ್ ಇರಲಿ ಬಿಡಲಿ. 9 ಆಂಪಿಯರಿನ ಎದುರು ಅದರ ಕಂಡಕ್ಷನ್ ನಷ್ಟ ಅಷ್ಟೇನಿಲ್ಲ. ಲೋಡಿನಿಂದ ಬರಬೇಕಾದ್ದು ಅರ್ಧಕ್ಕೆ ಇಳೀತು.

ಹಿರಿಯ: ಲೋಡ್ ಇರಲಿ ಬಿಡಲಿ ಅಂದ್ಯಲ್ಲ, ಅಲ್ಲಿ ನಿಲ್ಲು. ತೀರಾ ಹಗುರಾದಾಗ ಔಟ್‌ಪುಟ್ ಇಂಡಕ್ಟರಿನ ಕರೆಂಟು ಕಡಿದು ಕಡಿದು ಹರಿಯೋಕೆ ಶುರುವಾಗುತ್ತೆ. ಆಗ ಪಲ್ಸ್ ಕಿರಿದಾಗುತ್ತೆ. ಪಲ್ಸ್ ಕಿರಿದಾದ್ರೆ ನಿನ್ನ ಮ್ಯಾಗ್ನೆಟೈಸಿಂಗ್ ಕರೆಂಟೂ ಕಿರಿದಾಗುತ್ತೆ. ನೀನು ಯಾವಾಗ ಬೇಕು ಅಂತೀಯೋ ಆಗಲೇ ಅದು ಇರಲ್ಲ.

ಅವಳು ಉತ್ತರ ಕೊಡಲಿಲ್ಲ. ಪೆನ್ನು ತಗೊಂಡು ಹಳೆಯ ಡೇಟಾಶೀಟಿನ ಹಿಂಭಾಗದಲ್ಲಿ ತ್ರಿಕೋನದ ಅಲೆ ಬರೆದಳು, ಅದರ ಕೆಳಗೆ ಕಿರಿದಾದ ಪಲ್ಸಿನದು. ಎರಡನೆಯ ತ್ರಿಕೋನ ಮೊದಲನೆಯದರ ಅರ್ಧ ಎತ್ತರವೂ ಇರಲಿಲ್ಲ.

ಕಿರಿಯಳು: ಈ ಮಾತು ನನಗೆ ಹೊಳೆದಿರಲಿಲ್ಲ. ಹಾಗಾದ್ರೆ ಅಷ್ಟು ಹಗುರಕ್ಕೆ ಹೋಗೋಕೇ ಬಿಡಬಾರದು. ಒಂದು ಮಟ್ಟಕ್ಕಿಂತ ಕೆಳಗೆ ಬಂದ್ರೆ ಬರ್ಸ್ಟ್ ಮಾಡಬೇಕು. ಸ್ವಲ್ಪ ಹೊತ್ತು ಸರಿಯಾದ ಲೋಡಿನಲ್ಲಿ ಓಡು, ಸ್ವಲ್ಪ ಹೊತ್ತು ಪೂರ್ತಿ ನಿಲ್ಲು. ಬ್ಯಾಟರಿಗೆ ಅದರಿಂದ ತೊಂದರೆಯಿಲ್ಲ.

ಹಿರಿಯ: ಪ್ರತಿ ಸಲ ಶುರುವಾಗುವಾಗ ಮೊದಲ ಒಂದೆರಡು ಪಲ್ಸ್ ಹಾರ್ಡ್ ಆಗಿರುತ್ತೆ.

ಕಿರಿಯಳು: ಸಿಲಿಕಾನ್ ಕಾರ್ಬೈಡಿಗೆ ಒಂದೆರಡು ಹಾರ್ಡ್ ಪಲ್ಸ್ ಲೆಕ್ಕವೇ ಅಲ್ಲ ಅಂತ ಈಗಷ್ಟೇ ನೀವೇ ಅಂದ್ರಿ.

ಹಿರಿಯ: ಅಂದೆ. ಅದನ್ನ ವಾಪಸ್ ತಗೊಳಲ್ಲ.

ಚಹಾ ಬಂತು. ಮಾತು ಸ್ವಲ್ಪ ಬೇರೆ ಕಡೆ ಹೊರಳಿತು. ಐಜಿಬಿಟಿಯನ್ನು ರೂಪಿಸಿದ, ಯಾವ ವಸ್ತುವಿನಿಂದ ಒಳ್ಳೆಯ ಪವರ್ ಸ್ವಿಚ್ಚು ಮಾಡಬಹುದು ಎಂದು ಅಳೆಯುವ ಸೂತ್ರವನ್ನು ಎಂಬತ್ತರ ದಶಕದಲ್ಲೇ ಕೊಟ್ಟ ಬಂಟ್ವಾಳ ಜಯಂತ ಬಾಳಿಗಾ ಅವರು ಬೆಳೆದದ್ದು ಇಲ್ಲೇ ಪಕ್ಕದ ಜಾಲಹಳ್ಳಿಯಲ್ಲಿ. ಆ ಸೂತ್ರದಲ್ಲಿ ವಸ್ತು ತಡೆಯಬಲ್ಲ ವಿದ್ಯುತ್ ಕ್ಷೇತ್ರ ಮೂರನೇ ಘಾತಕ್ಕೇರುತ್ತದೆ. ಸಿಲಿಕಾನ್ ಕಾರ್ಬೈಡ್ ಸಿಲಿಕಾನಿಗಿಂತ ಸುಮಾರು ಹತ್ತು ಪಟ್ಟು ಕ್ಷೇತ್ರ ತಡೆಯುತ್ತದೆ, ಆದ್ದರಿಂದಲೇ ಅದರ ಮೇಲೆ ಅಷ್ಟು ಕಾಲ ಎಲ್ಲರ ಕಣ್ಣಿತ್ತು. ಮಾಸ್‌ಫೆಟ್ ಆಗಿ ಅದು ಮಾರುಕಟ್ಟೆಗೆ ಬರಲು 2010-11 ಆಗಬೇಕಾಯಿತು. 2024ರಲ್ಲಿ ಬಾಳಿಗಾ ಅವರಿಗೆ ಫಿನ್ಲೆಂಡಿನ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ ಬಂತು. ಹಿರಿಯರು ಇದನ್ನು ಹೇಳುವಾಗ ಕಿಟಕಿಯ ಆಚೆ ಜಾಲಹಳ್ಳಿಯ ದಿಕ್ಕಿಗೆ ಕೈ ತೋರಿಸಿದರು. ಅವರ ದನಿಯಲ್ಲಿ ಹೆಮ್ಮೆ ಇತ್ತು, ನನಗೂ ಆಯಿತು.

ಹಿರಿಯ: ಇನ್ನೊಂದು ಪರೀಕ್ಷೆ ಇದೆ, ಅದರಲ್ಲಿ ಮಾತ್ರ ನೀನು ಗೆಲ್ತೀಯ. ಆಗೆಲ್ಲ ನಮ್ಮ ಹತ್ರ ಇಎಂಐ, ಅಂದ್ರೆ ಬೋರ್ಡು ಹೊರಗೆ ಸೂಸೋ ವಿದ್ಯುತ್ ಗದ್ದಲ, ಅಳೆಯೋ ಯಂತ್ರ ಇರಲಿಲ್ಲ. ಟ್ರಾನ್ಸಿಸ್ಟರ್ ರೇಡಿಯೋವನ್ನ ಆಕಾಶವಾಣಿ ಬೆಂಗಳೂರು ಬರ್ತಿದ್ದ 612 ಕಿಲೋಹರ್ಟ್ಸಿಗೆ ತಿರುಗಿಸಿ ಬೋರ್ಡಿನ ಪಕ್ಕ ಇಡ್ತಿದ್ವಿ. ಹಾರ್ಡ್ ಸ್ವಿಚಿಂಗ್ ಬೋರ್ಡ್ ಆದ್ರೆ ವಾರ್ತೆ ಹೋಗಿ ಬರೀ ಗೊರ್ ಅನ್ನೋ ಸದ್ದು. ಸಾಫ್ಟ್ ಸ್ವಿಚಿಂಗ್ ಸರಿಯಾಗಿದ್ರೆ ರೇಡಿಯೋವನ್ನ ಒಂದಡಿ ಹತ್ರ ತಂದ್ರೂ ಮಾತು ಕೇಳಿಸ್ತಿತ್ತು.

ಕಿರಿಯಳು: ಸಿಲಿಕಾನ್ ಕಾರ್ಬೈಡನ್ನ ಹಾರ್ಡ್ ಸ್ವಿಚ್ ಮಾಡಿದ್ರೆ ಅಂಚು ಇನ್ನೂ ಕಡಿದು. ನಿಮ್ಮ 40 ಕಿಲೋಹರ್ಟ್ಸ್ ಬ್ರಿಡ್ಜಿಗೆ ಫಿಲ್ಟರ್ ದೊಡ್ಡದಾಗುತ್ತೆ. ಆ ತಾಮ್ರದ ಖರ್ಚನ್ನ ನೀವು ಲೆಕ್ಕಕ್ಕೆ ಹಿಡಿದಿಲ್ಲ.

ಹಿರಿಯ: ಹಿಡಿದಿಲ್ಲ. ಗೇಟ್ ರೆಸಿಸ್ಟರ್ ಜಾಸ್ತಿ ಮಾಡಿ ಅಂಚನ್ನ ನಿಧಾನ ಮಾಡ್ತೀನಿ. ಆಗ ನಷ್ಟ ಏರುತ್ತೆ, ಅದೂ ಗೊತ್ತು. ಆದರೂ ನನ್ನ ಮಾತು ಅದೇ. ಹಳ್ಳಿಯಲ್ಲಿ ಇದು ಕೆಟ್ಟಾಗ ಬಿಚ್ಚೋ ಹುಡುಗನ ಕೈಯಲ್ಲಿ ಮಲ್ಟಿಮೀಟರ್ ಇರುತ್ತೆ, ಆಸಿಲೋಸ್ಕೋಪ್ ಇರಲ್ಲ. ಮೆಟ್ಟಿಲು ಬಂತೋ ಇಲ್ವೋ ಅವನು ಹೇಗೆ ನೋಡ್ತಾನೆ? ನಿನ್ನ ಗ್ಯಾಪ್ ಬಿಟ್ಟ ಟ್ರಾನ್ಸ್‌ಫಾರ್ಮರಿನ ಬದಲು ಅವನು ಸಿಕ್ಕಿದ್ದೊಂದು ಸುತ್ತಿ ಹಾಕಿದ್ರೆ ಎಲ್ಲ ಲೆಕ್ಕವೂ ಹೋಯ್ತು.

ಕಿರಿಯಳು: ಅವನು ಬಿಚ್ಚದೇ ಇರೋ ಹಾಗೆ ಮಾಡೋದು ನನ್ನ ಕೆಲಸ ಅಂದ್ಕೊಂಡಿದ್ದೀನಿ ಸರ್.

ಹಿರಿಯ: ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ. ನಾನೂ ಅಂದ್ಕೊಂಡಿದ್ದೆ.

ಕಿರಿಯಳು: ಹಾಗಂತ ಅವನಿಗೆ ಸುಲಭ ಆಗಲಿ ಅಂತ ದಿನಾ ರಾತ್ರಿ 66 ವ್ಯಾಟ್ ಸುಡೋದಾ? ಕರೆಂಟ್ ಬಿಲ್ಲು ಆಟೋದವರದ್ದೇ ತಾನೆ?

ಈ ಪ್ರಶ್ನೆಗೆ ಹಿರಿಯರು ಉತ್ತರ ಹೇಳಲಿಲ್ಲ. ಹಳ್ಳಿಯ ಹುಡುಗನ ಪ್ರಶ್ನೆಗೆ ಅವಳೂ ಪೂರ್ತಿ ಉತ್ತರ ಕೊಟ್ಟಿರಲಿಲ್ಲ. ಯಾರದು ಸರಿ ಎಂದು ನನ್ನನ್ನು ಕೇಳಿದರೆ, 400 ವೋಲ್ಟಿನ ಈ ಚಿಕ್ಕ ಪೆಟ್ಟಿಗೆಯ ಮಟ್ಟಿಗೆ ನಾನು ಕೂದಲೆಳೆಯಷ್ಟು ಅವಳ ಕಡೆ, ಬರ್ಸ್ಟ್ ಮಾಡಿ ತೋರಿಸಿದರೆ ಮಾತ್ರ. ಆದರೆ ಹಗುರ ಲೋಡಿನಲ್ಲಿ ಪರೀಕ್ಷೆ ಮಾಡದೆ ಇದನ್ನು ಹೊರಗೆ ಕಳಿಸಬಾರದಿತ್ತು ಎಂದು ಹಿರಿಯರ ಅನುಭವ ಹೇಳುವುದರಲ್ಲಿ ನನಗೆ ಸಂಶಯವಿಲ್ಲ.

ಕೊನೆಗೆ ಅವರೇ ಒಂದು ಒಪ್ಪಂದಕ್ಕೆ ಬಂದರು. ಎರಡು ಹೊಸ ಬೋರ್ಡು. ಒಂದು ಅವಳದು, ಸಿಲಿಕಾನ್ ಕಾರ್ಬೈಡ್, ಗ್ಯಾಪ್ ಬಿಟ್ಟ ಟ್ರಾನ್ಸ್‌ಫಾರ್ಮರ್, ಬದಲಾಗುವ ಡೆಡ್ ಟೈಮ್, ಬರ್ಸ್ಟ್. ಇನ್ನೊಂದು ಅವರದು, ಅದೇ ಮಾಸ್‌ಫೆಟ್, 40 ಕಿಲೋಹರ್ಟ್ಸ್, ಹಾರ್ಡ್ ಸ್ವಿಚಿಂಗ್. ಎರಡನ್ನೂ ಫ್ಯಾನ್ ಕಿತ್ತು ಒಂದೇ ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ, ಹತ್ತನೇ ಒಂದು ಲೋಡಿನಲ್ಲಿ ಒಂದು ತಿಂಗಳು ಓಡಿಸುವುದು. ಪೂರ್ತಿ ಲೋಡಿನ ಪರೀಕ್ಷೆ ಆಮೇಲೆ.

ಚಾರ್ಜರ್ ಮಾಡುವವರಿಗೂ ಕೊಳ್ಳುವವರಿಗೂ ನನ್ನದೊಂದು ಕೋರಿಕೆ. ಸರ್ವರುಗಳ ಪವರ್ ಸಪ್ಲೈಗೆ ಕೊಡುವ 80 ಪ್ಲಸ್ ಟೈಟಾನಿಯಂ ದರ್ಜೆಯಲ್ಲಿ ನೂರಕ್ಕೆ 10 ಲೋಡಿನಲ್ಲೂ 90 ಪರ್ಸೆಂಟ್ ದಕ್ಷತೆ ಇರಲೇಬೇಕೆಂದು ಕೇಳುತ್ತಾರೆ. ಆಟೋದ ಚಾರ್ಜರ್ ಕೊಳ್ಳುವಾಗ ನಾವೂ ಆ ಅಂಕಿಯನ್ನು ಕೇಳೋಣ. ಪೂರ್ತಿ ಲೋಡಿನ ದಕ್ಷತೆಯನ್ನು ಪೆಟ್ಟಿಗೆಯ ಮೇಲೆ ಎಲ್ಲರೂ ಅಚ್ಚು ಹಾಕುತ್ತಾರೆ. ಬೆಳಗಿನ ಜಾವ, ಬ್ಯಾಟರಿ ತುಂಬುವ ಹೊತ್ತಿಗೆ ಅದು ಎಷ್ಟಿರುತ್ತದೆ ಎಂದು ಕೇಳಿ, ಬರೆಸಿಕೊಳ್ಳಿ.